ಇಬ್ಬರೇ ಇರುವ ಮನೆಗೆ ಸಗಟು ಖರೀದಿ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ವಾರ್ಷಿಕ ಶುಲ್ಕ ಕಟ್ಟಿ ಕಾಸ್ಟ್ಕೊ ಮಳಿಗೆಯಿಂದ ದೊಡ್ಡ ಚೀಲಗಳಲ್ಲೇ ದಿನಸಿ ತರುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಹಾಗೆ ಕೊಂಡರೆ ನಮಗೂ ಉಳಿತಾಯವಾದೀತೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: 1976ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಪ್ರೈಸ್ ಕ್ಲಬ್ ಎಂಬ ಹೆಸರಿನಿಂದ ಆರಂಭವಾದ ಈ ಪದ್ಧತಿಯಲ್ಲಿ, ಮಳಿಗೆಯವರು ಕೆಲವೇ ಬಗೆಯ ಸರಕನ್ನು ಭಾರಿ ಪ್ರಮಾಣದಲ್ಲಿ ಕೊಂಡು, ಅಲಂಕಾರಕ್ಕೆ ಖರ್ಚು ಮಾಡದೆ ಅಲ್ಪ ಲಾಭಕ್ಕೆ ಮಾರುತ್ತಾರೆ, ಅವರ ಲಾಭದ ದೊಡ್ಡ ಪಾಲು ಸದಸ್ಯತ್ವದ ಶುಲ್ಕದಿಂದಲೇ ಬರುತ್ತದೆ. ಹಾಗಾಗಿ ವರ್ಷದ ಉಳಿತಾಯವು ಕಟ್ಟಿದ ಶುಲ್ಕವನ್ನು ಮೀರಿದರೆ ಮಾತ್ರ ಗಿರಾಕಿಗೆ ಲಾಭ. ನಮ್ಮಲ್ಲಿ ಸಗಟು ಮಳಿಗೆಗಳ ಕಾರ್ಡು ಸಾಮಾನ್ಯವಾಗಿ ವ್ಯಾಪಾರದ ನೋಂದಣಿ ಉಳ್ಳವರಿಗೆ ಸಿಗುತ್ತದೆ. ಡಿಮಾರ್ಟ್‌ನಂಥ ಕಡೆ ಶುಲ್ಕವಿಲ್ಲದೆ ಯಾರು ಬೇಕಾದರೂ ಕೊಳ್ಳಬಹುದು.

ನಿಮ್ಮ ವಿಷಯದಲ್ಲಿ ನನಗಿರುವ ನಿಜವಾದ ಆತಂಕ ಮುಂಬಯಿಯ ಮಳೆಗಾಲದ್ದು. ಹತ್ತು ಕಿಲೋ ರವೆ ತಂದಿಟ್ಟು, ಆಗಸ್ಟ್ ಹೊತ್ತಿಗೆ ಡಬ್ಬದ ಮುಚ್ಚಳ ತೆರೆದಾಗ ರವೆ ನೂಲುಗಟ್ಟಿ ಹುಳು ಹರಿದಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅಂದು ಉಳಿಸಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಸಾಬೂನು, ಬಟ್ಟೆ ಒಗೆಯುವ ಪುಡಿಗಳಿಗೆ ಈ ಭಯವಿಲ್ಲವಾದ್ದರಿಂದ ಅವನ್ನು ಧಾರಾಳವಾಗಿ ಕೊಳ್ಳಿ. ಅಕ್ಕಿ, ಬೇಳೆಯ ದೊಡ್ಡ ಚೀಲವನ್ನು ನೆರೆಮನೆಯವರೊಡನೆ ತರಿಸಿ ಹಂಚಿಕೊಳ್ಳಿ. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬದೆ, ಕಿಲೋಗೆ ಬೀಳುವ ದರವನ್ನು ಚಿಕ್ಕದರೊಡನೆ ಹೋಲಿಸಿ ನೋಡಿ. ರಿಕ್ಷಾದ ಬಾಡಿಗೆಯನ್ನೂ ಆ ಲೆಕ್ಕಕ್ಕೆ ಸೇರಿಸಿ.