ಬೆಳೆಗೆ ಕೀಟನಾಶಕ ಎಣ್ಣೆ ಹೊಡೆದ ಮೇಲೆ ಜೊಲ್ಲು, ಬೆವರು, ಮಂಜುಗಣ್ಣು: ನರದಲ್ಲಿ ಆಗುವುದೇನು?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕು. ಹತ್ತಿಗೆ ಎಣ್ಣೆ ಹೊಡೆದು ಬಂದ ನನ್ನ ತಮ್ಮನಿಗೆ ವಾಂತಿ, ಜೊಲ್ಲು, ಮೈತುಂಬ ಬೆವರು ಶುರುವಾಯಿತು; ಕಣ್ಣು ಮಂಜಾಯಿತು. ಆಸ್ಪತ್ರೆಯಲ್ಲಿ 'ನರ ಬಿಟ್ಟ ರಾಸಾಯನಿಕ ಕರಗುತ್ತಿಲ್ಲ' ಎಂದರು. ಮರುದಿನ ಎದ್ದು ಕೂತರೂ ಮನೆಗೆ ಕಳಿಸಲಿಲ್ಲ. ಯಾಕೆ? ಅವನು ಮತ್ತೆ ಯಾವಾಗ ಎಣ್ಣೆ ಹೊಡೆಯಬಹುದು?

ಉತ್ತರ: ಕಳಿಸದೆ ಇದ್ದದ್ದೇ ಒಳ್ಳೆಯದಾಯಿತು.

ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸಂದು ಇದೆ. ನರ ಅಲ್ಲಿಗೆ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟರೆ ಸ್ನಾಯು ಬಿಗಿಯುತ್ತದೆ. ಬಿಟ್ಟದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಇಲ್ಲವಾಗಬೇಕು. ನರ ಬಿಡುವ ಬೇರೆ ರಾಸಾಯನಿಕಗಳಾದ ಡೋಪಮಿನ್, ಸೆರೊಟೋನಿನ್‌ಗಳನ್ನಾದರೆ ಬಿಟ್ಟ ನರವೇ ಮರಳಿ ಹೀರಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ಇನ್ನೊಂದನ್ನು ಹೆಚ್ಚಾಗಿ ಪಕ್ಕದಲ್ಲಿ ನರಕ್ಕೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಎತ್ತಿಕೊಳ್ಳುತ್ತವೆ. ಅಸೆಟೈಲ್‌ಕೋಲಿನ್‌ನ ಕಥೆ ಬೇರೆ. ಅದನ್ನು ಸಂದಿನಲ್ಲೇ ತುಂಡರಿಸಲು ಅಸೆಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಈ ಕಿಣ್ವದ ಒಂದೇ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಮುಗಿಸುತ್ತದೆ. ನನಗೆ ಇಂದಿಗೂ ಬೆರಗು ಹುಟ್ಟಿಸುವ ವೇಗವದು. ಉಳಿದ ಕೋಲಿನ್ ತುಣುಕನ್ನು ನರ ಒಳಗೆಳೆದುಕೊಂಡು ಮತ್ತೆ ಬಳಸುತ್ತದೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಎಣ್ಣೆಗಳು ಈ ಕಿಣ್ವಕ್ಕೇ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಹುಳ ಸಾಯುವುದೂ ಹೀಗೆಯೇ. ಅಸೆಟೈಲ್‌ಕೋಲಿನ್ ಸಂದಿನಲ್ಲೇ ಉಳಿದು ಗ್ರಂಥಿಗಳನ್ನೂ ಸ್ನಾಯುಗಳನ್ನೂ ಬಿಡದೆ ಕೆಣಕುತ್ತದೆ: ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ಕಫ ತುಂಬುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತೊಡೆ ತೋಳಿನ ಮಾಂಸ ತಾನಾಗಿ ಅದುರುತ್ತದೆ. ನಿಮ್ಮ ತಮ್ಮನ ಲಕ್ಷಣಗಳು ಇದಕ್ಕೆ ಹೊಂದುತ್ತವೆ.

ಇಂಥವರಿಗೆ ಅಟ್ರೋಪಿನ್ ಎಂಬ ಮದ್ದು ಕೊಟ್ಟರೆ ಜೊಲ್ಲು, ಕಫ ಒಣಗುತ್ತವೆ. ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಆದರೆ ಅದು ಸ್ನಾಯುವಿನ ಸುಸ್ತನ್ನು ಸರಿಪಡಿಸದು. ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ ಕೆಲವರಿಗೆ ದಿಂಬಿನಿಂದ ಕತ್ತು ಎತ್ತಲಾಗುವುದಿಲ್ಲ, ಬಳಿಕ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಆ ಹೊತ್ತಿಗೆ ರೋಗಿ ವೆಂಟಿಲೇಟರ್ ಇರುವ ಕಡೆ ಇರಬೇಕು. ಅದಕ್ಕೇ ಕಳಿಸಲಿಲ್ಲ.

ಕಿಣ್ವಕ್ಕೆ ಹತ್ತಿದ ವಿಷದ ಅಂಟು ಗಟ್ಟಿಯಾದ ಮೇಲೆ ಹಳೆಯ ಕಿಣ್ವ ಮರಳಿ ಬರುವುದಿಲ್ಲ, ದೇಹ ಹೊಸದನ್ನೇ ಮಾಡಿಕೊಳ್ಳಬೇಕು. ರಕ್ತದ ಕೆಂಪುಕಣಗಳಲ್ಲಿ ಇದು ದಿನಕ್ಕೆ ಸುಮಾರು ಶೇ 1ರಷ್ಟು ಮಾತ್ರ ಏರುತ್ತದೆ. ಹಾಗಾಗಿ ಈ ಹಂಗಾಮಿನಲ್ಲಿ ಅವನು ಪಂಪು ಹೆಗಲಿಗೇರಿಸುವುದು ಬೇಡವೇ ಬೇಡ. ಈ ಕಿಣ್ವದ ಮಟ್ಟ ತಿಳಿಸುವ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ, ವೈದ್ಯರು ಒಪ್ಪಿದ ಮೇಲೆಯೇ ಮುಂದಿನ ಮಾತು. ಎಣ್ಣೆ ಚರ್ಮದಿಂದಲೂ ಒಳಗಿಳಿಯುತ್ತದೆ. ಹೊಡೆಯುವವರು ಯಾರೇ ಆಗಲಿ, ನೆನೆದ ಅಂಗಿಯನ್ನು ತಕ್ಷಣ ಬಿಚ್ಚಿ ಸೋಪು ಹಚ್ಚಿ ಮೈ ತೊಳೆಯಲಿ. ಮೈಗೆ ಆಗದಿದ್ದರೆ ಆಸ್ಪತ್ರೆಗೆ ಹೊರಡುವಾಗ ಎಣ್ಣೆಯ ಬಾಟಲಿಯನ್ನೂ ಚೀಟಿ ಸಮೇತ ಜೊತೆಗೊಯ್ಯಿರಿ.