ಆ ಗೋಡೆಯ ಹತ್ತಿರ ಹೋಗಿ ನೋಡಿ

ಚೀನಾದ ಕರಾವಳಿಯಲ್ಲಿ ಹಿಂದೆ ಪೋರ್ಚುಗೀಸರು ಆಳಿದ ಊರು ಮಕಾವ್. ಅದರ ಬಗ್ಗೆ ನಮ್ಮ ಲೇಖನ ಓದಿ ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: ‘ಮಕಾವ್ ನೋಡಿ ಬಂದೆ. ಸುಟ್ಟು ಉಳಿದ ಚರ್ಚಿನ ಗೋಡೆ, ಅದರ ಮಗ್ಗುಲಲ್ಲೇ ಚೀನಿಯರ ಪುಟ್ಟ ಗುಡಿ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಚೀನಾ, ಪೋರ್ಚುಗಲ್ ಎರಡರ ಸಂಸ್ಕೃತಿ ಬೆರೆತಿವೆ ಎಂದು ನಿಮ್ಮ ಪತ್ರಿಕೆಯಲ್ಲಿ ಹೇಗೆ ಬರೆದಿರಿ?’

ಅಕ್ಕಪಕ್ಕ ಇರುವುದೇ ಬೇರೆ, ಬೆರೆಯುವುದೇ ಬೇರೆ. ಅದನ್ನು ಒಪ್ಪಿದೆ. ಆದರೆ ಆ ಗೋಡೆಯ ಕೆಳಗೆ ನಿಂತು ತಲೆಯೆತ್ತಿ ನೋಡಿದಿರಾ?

ಸಂತ ಪೌಲರ ಹೆಸರಿನಲ್ಲಿ ಕರೆಯುವ ಆ ಚರ್ಚನ್ನು ಜೆಸ್ವಿಟ್ ಪಾದ್ರಿಗಳು 1602ರಲ್ಲಿ ಶುರು ಮಾಡಿದರು, ಮುಗಿಯುವಾಗ 1640. 1835ರ ಬೆಂಕಿಯಲ್ಲಿ ಉಳಿದದ್ದು ಮುಂದಿನ ಗೋಡೆ, ಮೆಟ್ಟಿಲು, ಅಷ್ಟೆ. ಆ ಗೋಡೆಯ ಕಲ್ಲು ಕೆತ್ತಿದವರು ತಮ್ಮ ನಾಡಿನಲ್ಲಿ ಕಿರುಕುಳ ತಾಳಲಾರದೆ ಓಡಿಬಂದ ಜಪಾನಿ ಕ್ರೈಸ್ತರು, ಜೊತೆಗೆ ಆ ಊರಿನದೇ ಕುಶಲಕರ್ಮಿಗಳು. ಅದಕ್ಕೇ ಅಲ್ಲಿ ಸೇವಂತಿಗೆ ಇದೆ, ಚೀನೀ ಸಿಂಹಗಳಿವೆ. ಏಳು ತಲೆಯ ಡ್ರ್ಯಾಗನ್ ಒಂದಿದೆ, ಅದರ ಪಕ್ಕದಲ್ಲಿ ‘ಪವಿತ್ರ ಮಾತೆ ಡ್ರ್ಯಾಗನ್ನಿನ ತಲೆ ಮೆಟ್ಟುತ್ತಾಳೆ’ ಎಂದು ಚೀನೀ ಅಕ್ಷರದಲ್ಲೇ ಕೆತ್ತಿದ್ದಾರೆ. ಬೈಬಲಿನಲ್ಲಿ ಡ್ರ್ಯಾಗನ್ ಅಂದರೆ ಸೈತಾನ, ಚೀನಿಯರಿಗೋ ಅದು ಶುಭ. ಈ ಸಾಲು ಓದಿದ ಚೀನೀ ಭಕ್ತರಿಗೆ ಏನನ್ನಿಸಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೆರೆಯುವಾಗ ಜಗಳವೂ ಇರುತ್ತದೆ, ಅಲ್ವಾ?

ಇನ್ನು ಅದೇ ಊರಿನ ಮ್ಯಾಂಡರಿನ್ ಮನೆ. ಮ್ಯಾಂಡರಿನ್ ಅಂದರೆ ಹಳೇ ಚೀನಾದ ಅಧಿಕಾರಿ. ಸುಧಾರಣೆಯ ಪರ ಬರೆದ ಚೀನೀ ಚಿಂತಕ ಝೆಂಗ್ ಗ್ವಾನ್‌ಯಿಂಗ್ ಅವರ ಮನೆ, 1869ರ ಸುಮಾರಿನದು. ಬೂದು ಇಟ್ಟಿಗೆ, ಒಳಗೆ ಅಂಗಳ, ಪೂರಾ ಚೀನೀ ಮನೆ. ಆದರೆ ಬಾಗಿಲ ಕಮಾನು, ಒಳಚಾವಣಿ ಪಶ್ಚಿಮದ ರೀತಿಯವು. ಕಿಟಕಿಗೆ ಗಾಜಿನ ಬದಲು ಹೊಳೆಯುವ ಚಿಪ್ಪು ಕೂರಿಸಿದ್ದಾರೆ. ಅದು ನಮ್ಮ ಕಡೆಯ ಪದ್ಧತಿ. ಗೋವಾ ನಿಮಗೆ ಪಕ್ಕದ ಊರು, ಅಲ್ಲಿನ ಹಳೇ ಮನೆಗಳಲ್ಲಿ ಅಂಥ ಕಿಟಕಿ ನೋಡಿರುತ್ತೀರಿ. ಮಕಾವನ್ನು ಬಹಳ ಕಾಲ ಗೋವಾದ ವೈಸರಾಯ್ ಕೈಕೆಳಗೇ ಇಟ್ಟಿದ್ದರು. ಗೋವಾದಿಂದ ಬಂದ ಸೈನಿಕರಿಗೆಂದೇ 1874ರಲ್ಲಿ ಕಟ್ಟಿದ ಬ್ಯಾರಕ್ ಇಂದಿಗೂ ಅಲ್ಲಿದೆ. ಹಾಗಾಗಿ ಚೀನಾ, ಪೋರ್ಚುಗಲ್ ಎಂದು ಎರಡೇ ಹೆಸರು ಹೇಳಿ ಬಿಟ್ಟಿದ್ದು ನಮ್ಮ ಲೇಖನದ ಕೊರತೆ.

ನೀವು ನೋಡಿದ ಆ ಗುಡಿ ನಾ ಚಾ ಎಂಬ ಚೀನೀ ದೇವರದು, 1888ರದು. ಅದರ ಪಕ್ಕದಲ್ಲಿ ಹಳೇ ಕೋಟೆಗೋಡೆಯ ತುಂಡೊಂದಿದೆ. ಮಣ್ಣು, ಮರಳು, ಭತ್ತದ ಹುಲ್ಲು, ಪುಡಿಗಲ್ಲು, ಚಿಪ್ಪು, ಎಲ್ಲ ಸೇರಿಸಿ ಪದರ ಪದರವಾಗಿ ಬಡಿದು ಕಟ್ಟಿದ ಗೋಡೆ. ಆ ಗಾರೆಗೆ ಪೋರ್ಚುಗೀಸರು ಇಟ್ಟ ಹೆಸರು ಚುನಾಂಬೊ. ನಮ್ಮ ಸುಣ್ಣದ, ತಮಿಳರ ಸುಣ್ಣಾಂಬಿನ ಬಳಗದ ಮಾತು ಅದು.