ಧಾರವಾಡದ ಮನೆ ಮಾಳಿಗೆ ಮೇಲೆ ಔಷಧಿಗೆ ಅಂತ ಗಾಂಜಾ ಗಿಡ ಬೆಳೆಸಬಹುದಾ?

ನೀವು ಕೇಳಿದ್ದು ಇಷ್ಟು. ಕಿಮೋ ಮುಗಿದ ಮೇಲೆ ಅವ್ವನಿಗೆ ಅಂಗಾಲು ಉರಿ, ಜೋಮು, ರಾತ್ರಿ ನಿದ್ದೆ ಇಲ್ಲ. ಕೆನಡಾದಲ್ಲಿರುವ ಗೆಳೆಯ ಮನೆಯಲ್ಲೇ ಗಾಂಜಾ ಗಿಡ ಬೆಳೆಸಿ ಎಣ್ಣೆ ಮಾಡಿಕೊಳ್ಳುತ್ತಾನೆ. ಡಾಕ್ಟರ ಚೀಟಿ ಇದ್ದರೆ ನಾನೂ ಮಾಳಿಗೆ ಮೇಲೆ ಎರಡು ಕುಂಡ ಇಡಬಹುದಾ, ಹೊಸಬರು ಹೇಗೆ ಶುರು ಮಾಡಬೇಕು?

ಬೆಳೆಸಬೇಡಿ. ನಾನು ಧಾರವಾಡ, ಹುಬ್ಬಳ್ಳಿ ಕೋರ್ಟುಗಳಲ್ಲಿ ವಕೀಲಿಕೆ ಮಾಡುತ್ತೇನೆ, ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಕೇಸುಗಳನ್ನು ನಡೆಸಿದ್ದೇನೆ. ಚೀಟಿ ಇರಲಿ ಬಿಡಲಿ, ಎರಡು ಗಿಡ ಇರಲಿ ಒಂದೇ ಇರಲಿ, ಉತ್ತರ ಬದಲಾಗುವುದಿಲ್ಲ.

ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಕೆನಡಾದ ಬಹುತೇಕ ಕಡೆ 2018ರಿಂದ ಒಂದು ಮನೆಗೆ 4 ಗಿಡ ಬೆಳೆಸಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರಿಗೆ 3 ಗಿಡ. ಆದರೆ ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರ 8ನೇ ಕಲಂ ಈ ಗಿಡ ಬೆಳೆಸುವುದನ್ನೇ ನಿಷೇಧಿಸುತ್ತದೆ. 20ನೇ ಕಲಂ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ವೈದ್ಯಕೀಯ ಕೆಲಸಕ್ಕೆ ಕಾಯ್ದೆಯಲ್ಲಿ ದಾರಿ ಇದೆ, ನಿಜ. ಆದರೆ ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಮನೆಯಲ್ಲಿ ಬೆಳೆಯುವವರಿಗೆ ಅಂಥ ಲೈಸೆನ್ಸ್ ಕೊಡುವ ಪದ್ಧತಿ ಕರ್ನಾಟಕದಲ್ಲಿಲ್ಲ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡಲು ಶುರು ಮಾಡಿದ್ದು ನಾರು ಮತ್ತು ಬೀಜದ ಬೆಳೆಗೆ, ಅದೂ ಅಮಲು ತರುವ ಟಿಎಚ್‌ಸಿ ಶೇಕಡಾ 0.3ರ ಒಳಗಿರುವ ತಳಿಗೆ.

ಜನ ಎಡವುವುದು ಎರಡು ಕಡೆ. ಒಂದು, "ಒಂದು ಕೆಜಿ ಒಳಗಿದ್ದರೆ ಸಣ್ಣ ಕೇಸು" ಅನ್ನುವ ಮಾತು. ಆ ತೂಕದ ಲೆಕ್ಕ ಗಾಂಜಾ ಇಟ್ಟುಕೊಂಡವರಿಗೆ, ಸಾಗಿಸಿದವರಿಗೆ. ಬೆಳೆಸಿದವರ ಶಿಕ್ಷೆಗೆ ಕಾಯ್ದೆ ತೂಕದ ಮಾತೇ ಎತ್ತಿಲ್ಲ. ಇನ್ನೊಂದು, ಭಂಗಿಯ, ಅಂದರೆ ಈ ಗಿಡದ ಎಲೆ ಅರೆದು ಮಾಡುವ ಅಮಲಿನ ವಿಷಯ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಬಿಟ್ಟ, ಕಾಯಿ ಕಟ್ಟಿದ ತುದಿ. ಬರೀ ಎಲೆ ಅದರಲ್ಲಿ ಬರುವುದಿಲ್ಲ. ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ನಮ್ಮ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದ್ದೂ ಹೌದು. ಅದನ್ನು ಓದಿ, ಎಲೆಗೋಸ್ಕರ ಗಿಡ ಹಚ್ಚಿದರೆ ತಪ್ಪಿಲ್ಲ ಅಂದುಕೊಳ್ಳುತ್ತಾರೆ. ಎಲೆಗೆ ಇರುವ ವಿನಾಯಿತಿ ಗಿಡಕ್ಕಿಲ್ಲ. ಈ ಜಾತಿಯ ಯಾವ ಗಿಡವಾದರೂ, ಹೂ ಬಿಡದ ಸಸಿಯಾದರೂ, ಬೆಳೆಸುವುದು ಅಪರಾಧ. ಮೇಲೆ ರಾಜ್ಯದ ಅಬಕಾರಿ ಕಾಯ್ದೆ ಬೇರೆ ಇದೆ.

ಬೀಜದ ಬಗ್ಗೆಯೂ ಹೇಳಿಬಿಡುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೆಂಪ್ (ಅಮಲು ಕಡಿಮೆ ಇರುವ ಇದೇ ಜಾತಿಯ ಗಿಡ) ಬೀಜ, ಅದರ ಎಣ್ಣೆಯನ್ನು ಆಹಾರವಾಗಿ ಮಾರಲು ಒಪ್ಪಿದೆ. ಅದನ್ನು ತಿನ್ನಬಹುದು, ಬಿತ್ತಬಾರದು.

ಹಿಡಿದರೆ ಏನಾಗುತ್ತದೆ ಅಂತ ಗೊತ್ತಿರಲಿ. ಪಂಚರನ್ನು ಕರೆಸುತ್ತಾರೆ. ಗಿಡವನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ತಕ್ಕಡಿಗೆ ಹಾಕುತ್ತಾರೆ. ಫೋಟೋ ತೆಗೆದು, ಬಟ್ಟೆಯಲ್ಲಿ ಸುತ್ತಿ ಹೊಲಿದು, ಅರಗಿನ ಸೀಲು ಒತ್ತುತ್ತಾರೆ. ಆಮೇಲೆ ಕೇಳುವ ಪ್ರಶ್ನೆ, ಮನೆ ಉತಾರ ಯಾರ ಹೆಸರಿನಲ್ಲಿದೆ? ನಮ್ಮ ಕಡೆ ಎಷ್ಟೋ ಮನೆ ಅವ್ವನ ಹೆಸರಿನಲ್ಲೇ ಇರುತ್ತವೆ. ತನ್ನ ಜಾಗದಲ್ಲಿ ಇಂಥ ಗಿಡ ಇದ್ದದ್ದು ಗೊತ್ತಿದ್ದೂ ತಿಳಿಸದ ಜಾಗದ ಮಾಲೀಕರಿಗೂ 46ನೇ ಕಲಂನಲ್ಲಿ ಶಿಕ್ಷೆ ಇದೆ. ಯಾರ ಕಾಲು ಉರಿಗೆ ಅಂತ ಗಿಡ ಹಚ್ಚಿದಿರೋ ಅವರನ್ನೇ ಸ್ಟೇಷನ್ನಿಗೆ ಕರೆದೊಯ್ಯುವ ಹಾಗಾಗಬಾರದು ಅಲ್ವಾ? ಜಾಮೀನು ಸಿಗಬಹುದು. ಕೇಸು ಮಾತ್ರ ವರ್ಷಗಟ್ಟಲೆ ಎಳೆಯುತ್ತದೆ.

ಕಾನೂನು ಬದಿಗಿಟ್ಟು ನೋಡಿದರೂ ಮನೆಯ ಗಿಡ ಅವ್ವನಿಗೆ ಒಳ್ಳೆಯ ಔಷಧಿ ಅಲ್ಲ. ಅದರಲ್ಲಿ ಟಿಎಚ್‌ಸಿ ಎಷ್ಟು, ಅಮಲು ತರದ ಸಿಬಿಡಿ ಎಷ್ಟು ಅಂತ ಲ್ಯಾಬಿನಲ್ಲಿ ಪರೀಕ್ಷಿಸದೆ ಗೊತ್ತಾಗುವುದಿಲ್ಲ. ಒಂದೇ ಗಿಡದ ಬೀಜದಿಂದ ಬಂದ ಎರಡು ಸಸಿಗಳೂ ಒಂದೇ ಥರ ಇರುವುದಿಲ್ಲ. ಟಿಎಚ್‌ಸಿ ಜಾಸ್ತಿಯಾದರೆ ವಯಸ್ಸಾದವರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ತಿರುಗುತ್ತದೆ, ಗಾಬರಿಯಾಗುತ್ತದೆ. ಜೋಮು ಹಿಡಿದ ಪಾದದವರು ಮೊದಲೇ ಬೀಳುವ ಅಪಾಯದಲ್ಲಿರುತ್ತಾರೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಸಿಬಿಡಿ ಅದರ ಪರಿಣಾಮ ಏರಿಸಬಹುದು. ನಮ್ಮ ಮಳೆಗಾಲದಲ್ಲಿ ಹೂವಿನ ಒಳಗೆ ಬೂಸ್ಟು ಹಿಡಿಯುವುದೂ ಸುಲಭ. ಕಿಮೋದಿಂದ ಸೊರಗಿದ ದೇಹಕ್ಕೆ ಬೂಸ್ಟು ಒಳ್ಳೆಯದಲ್ಲ.

ಹಾಗಾದರೆ ಅವ್ವನಿಗೆ ಏನು? ನಾನು ಡಾಕ್ಟರ್ ಅಲ್ಲ. ಆದರೆ ಕಿಮೋ ನಂತರದ ಈ ನರದ ನೋವಿಗೆ ಡುಲೊಕ್ಸೆಟಿನ್ ಅನ್ನುವ ಮಾತ್ರೆಯನ್ನು ಕ್ಯಾನ್ಸರ್ ತಜ್ಞರು ಬಳಸುತ್ತಾರೆ, ಅದರ ಬಗ್ಗೆ ಕೇಳಿ. "ಕಾಲು ನೋವು" ಅಂತಷ್ಟೇ ಹೇಳಿದರೆ ಸುಮ್ನೆ ನೋವಿನ ಮಾತ್ರೆ ಬರೆದು ಕಳಿಸುತ್ತಾರೆ. ಉರಿ ಯಾವಾಗ ಶುರುವಾಯಿತು, ಯಾವ ಕಿಮೋ ಆಗಿತ್ತು, ರಾತ್ರಿ ಎಷ್ಟು ಹೊತ್ತು ಎಚ್ಚರ ಇರುತ್ತಾರೆ ಅಂತ ಬರೆದುಕೊಂಡು ಹೋಗಿ.

ಗಾಂಜಾ ಗಿಡದ ಔಷಧಿಯೇ ಬೇಕು ಅಂದರೆ ಅದಕ್ಕೂ ಕಾನೂನಿನ ದಾರಿ ಇದೆ. ಆಯುರ್ವೇದ ಇದನ್ನು ವಿಜಯಾ ಅನ್ನುತ್ತದೆ. ಆಯುಷ್ ಲೈಸೆನ್ಸ್ ಇರುವ ಕಂಪನಿಗಳು ಎಲೆಯಿಂದ ತಯಾರಿಸಿದ ಎಣ್ಣೆ, ಮಾತ್ರೆಗಳನ್ನು ವೈದ್ಯರ ಚೀಟಿ ಮೇಲೆ ಮಾರುತ್ತವೆ. ನೋಂದಾಯಿತ ಆಯುರ್ವೇದ ವೈದ್ಯರನ್ನು ಕಾಣಿ. ಕಿಮೋ ಫೈಲು, ಈಗಿನ ಮಾತ್ರೆಗಳ ಪಟ್ಟಿ ಅವರಿಗೆ ತೋರಿಸಿ. ಇದನ್ನು ಕ್ಯಾನ್ಸರ್ ಡಾಕ್ಟರಿಂದ ಮುಚ್ಚಿಡಬೇಡಿ. ಲೇಬಲ್ ಮೇಲೆ ಲೈಸೆನ್ಸ್ ನಂಬರ್ ನೋಡಿ, ಬಿಲ್ಲು ಮತ್ತು ಚೀಟಿ ಜೋಪಾನವಾಗಿಡಿ.

ಮುಂದೆ ನೋವು ಇದಕ್ಕೂ ಮೀರಿದರೆ ಮಾರ್ಫಿನ್ ಕೇಳಲು ಹಿಂಜರಿಯಬೇಡಿ. ಇದೇ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಸುಲಭ ಮಾಡಿದ್ದಾರೆ. ನಮ್ಮ ಕಾಕಾಗೆ ಕೊಡುವಾಗ ಮನೆಮಂದಿ ಎಲ್ಲ ಚಟ ಹತ್ತುತ್ತದೆ ಅಂತ ಹೆದರಿದ್ದರು. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಮಲಬದ್ಧತೆಗೆ ಜೊತೆಗೊಂದು ಔಷಧಿ ಸೇರಿಸಿ ಕೊಟ್ಟ ಮೇಲೆ ಅವರು ಎದ್ದು ಕೂತು ರೊಟ್ಟಿ ಉಂಡರು. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಧಾರವಾಡದಿಂದ ಬಸ್ಸಿಗೆ ಹತ್ತಿರ. ನೋವಿನ ಚಿಕಿತ್ಸೆ ಯಾರು ನೋಡುತ್ತಾರೆ ಅಂತ ಮೊದಲು ಅಲ್ಲಿ ವಿಚಾರಿಸಿ. ಬೀಜ ಈಗಾಗಲೇ ಕುಂಡಕ್ಕೆ ಹಾಕಿದ್ದರೆ ಇಲ್ಲಿ ಏನೂ ಬರೆಯಬೇಡಿ, ಇವತ್ತೇ ಹತ್ತಿರದ ಒಬ್ಬ ವಕೀಲರ ಹತ್ತಿರ ಹೋಗಿ.